‘ಗೃಹಿಣಿ, 49’

ಈ ಸಲ ನಾವು ಓದಿದ ಪುಸ್ತಕ ‘ನೆಲ್ಲಾ ಲಾಸ್ಟ್ಸ್ ವಾರ್’ (1981). ಹಡಗು ಕಟ್ಟುವ ಊರಾದ ಬ್ಯಾರೋ-ಇನ್-ಫರ್ನೆಸ್‌ನ ಬಡಗಿಯೊಬ್ಬರ ಪತ್ನಿ, ಇಬ್ಬರು ಗಂಡುಮಕ್ಕಳ ತಾಯಿ, 1939ರಲ್ಲಿ ಮಾಸ್ ಅಬ್ಸರ್ವೇಷನ್ ಸಂಸ್ಥೆಗಾಗಿ ದಿನಚರಿ ಬರೆಯತೊಡಗಿದರು. ಕೊಟ್ಟ ಪರಿಚಯ ಇಷ್ಟೇ: ಗೃಹಿಣಿ, 49.

1941ರ ಬಾಂಬು ದಾಳಿಯ ಪುಟಗಳು ಮೈ ನಡುಗಿಸುತ್ತವೆ. ಆದರೂ ನಮಗೆ ಹೆಚ್ಚು ಹಿಡಿಸಿದ್ದು ಅಡಿಗೆಮನೆ. ರೇಷನ್ನಿನ ಬೆಣ್ಣೆ-ಸಕ್ಕರೆಯನ್ನು ವಾರವಿಡೀ ಸರಿದೂಗಿಸುವುದು, ಹಿತ್ತಲಲ್ಲಿ ಕೋಳಿ ಸಾಕುವುದು (ನಮ್ಮ ಅಜ್ಜಿಯರಿಗೆ ಹೊಸದೇನಲ್ಲ ಬಿಡಿ!). ಮಹಿಳಾ ಸ್ವಯಂಸೇವಾ ದಳಕ್ಕೆ ದುಡಿಯಲು ಹೊರಟ ಈಕೆ, ಗಂಡನ ಮುನಿಸಿಗೆ ಅಂಜುವುದನ್ನು ಮೆಲ್ಲಮೆಲ್ಲನೆ ಬಿಟ್ಟದ್ದು ಇಂಥ ಸಣ್ಣ ಸಂಗತಿಗಳ ನಡುವೆಯೇ ಕಾಣುತ್ತದೆ.

ನಮ್ಮದೊಂದು ತಕರಾರಿದೆ. ಯುದ್ಧಕಾಲದಲ್ಲಿ ಅವರು ಬರೆದದ್ದು ಸುಮಾರು 20 ಲಕ್ಷ ಪದ. ಅಚ್ಚಾದದ್ದು ಅದರಲ್ಲೊಂದು ಸಣ್ಣ ಪಾಲು. ಸಂಪಾದಕರ ಆಯ್ಕೆ ಕಾದಂಬರಿಯಂತೆ ಓದಿಸಿಕೊಂಡು ಹೋಗುತ್ತದೆ, ನಿಜ. ಆದರೆ ಏನೂ ನಡೆಯದ ದಿನಗಳೂ ಸೇರಿದರಲ್ಲವೇ ಒಂದು ಮನೆಯ ಚರಿತ್ರೆ?

ನಮ್ಮ ಸದಸ್ಯೆಯೊಬ್ಬರ ತಾಯಿ ಬರೆದಿಟ್ಟಿದ್ದ ಹಾಲು-ದಿನಸಿಯ ಲೆಕ್ಕದ ಪುಸ್ತಕಗಳು, ಮೈಸೂರಿನ ಮನೆ ಮಾರುವಾಗ ರದ್ದಿಗೆ ಹೋದವು. ಇದನ್ನು ಓದಿ ಮುಗಿಸಿದ ರಾತ್ರಿಯೇ ಅವರು ಅಣ್ಣನಿಗೆ ಫೋನ್ ಮಾಡಿದರಂತೆ: ಅಟ್ಟದಲ್ಲಿ ಒಂದಾದರೂ ಉಳಿದಿದೆಯೇ ನೋಡು ಎಂದು.

ಪುಸ್ತಕ ನಮ್ಮಲ್ಲಿದೆ. ಬೇಕಾದವರು ಯುಗಾದಿ ಕೂಟದಲ್ಲಿ ಕೇಳಿ ಪಡೆಯಬಹುದು.