ಗೊಡೊ ಕೈಪಿಡಿಯ ಒಂದು ಪುಟ: ಪಾಠವಿಮರ್ಶೆ

ಬೈಕಂಪಾಡಿಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರವೊಂದರ ಮೋಟಾರು ಸುಟ್ಟುಹೋದರೆ ಫಿಟ್ಟರನು ಅದೇ ಅಳತೆಯ ಬೇರೊಂದನ್ನು ಕೂಡಿಸುತ್ತಾನೆ. ಬೋಲ್ಟಿನ ತೂತುಗಳು ಹೊಂದಿಕೊಂಡ ಮಾತ್ರಕ್ಕೆ ಅವನ ಕೆಲಸ ಮುಗಿಯುವುದಿಲ್ಲ. ವೇಗವನ್ನೂ ತಿರುಗುವ ದಿಕ್ಕನ್ನೂ ನೋಡಿಕೊಳ್ಳಬೇಕು. ಗಣಕದ ಆಟಗಳನ್ನು ರಚಿಸುವ ಉಪಕರಣಗಳಲ್ಲಿಯೂ ಇಂಥದೇ ಪಲ್ಲಟವೊಂದು ನಡೆಯುವುದುಂಟು. ಅದನ್ನು ವಿವರಿಸುವ ಕೈಪಿಡಿಯ ಪುಟವೊಂದನ್ನು ಇತಿಹಾಸದ ವಿದ್ಯಾರ್ಥಿಗಳ ಕಣ್ಣಿನಿಂದ ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ. ಇದು ನಮ್ಮ ಶಾಸ್ತ್ರದ ಎಲ್ಲೆಯನ್ನು ಮೀರಿದ್ದೆಂದು ಕೆಲವರು ಆಕ್ಷೇಪಿಸಬಹುದು. ಬರೆದಿಟ್ಟ ದಾಖಲೆ ಇರುವಲ್ಲೆಲ್ಲ ಅದನ್ನು ಪ್ರಶ್ನಿಸುವ ಅಧಿಕಾರ ಇತಿಹಾಸಕಾರನಿಗೆ ಉಂಟೆಂದು ನಾವು ಭಾವಿಸುತ್ತೇವೆ.

ಆಟದಲ್ಲಿ ಚೆಂಡು ಬೀಳುವುದು, ಪೆಟ್ಟಿಗೆಗಳು ಒಂದರ ಮೇಲೊಂದು ನಿಲ್ಲುವುದು, ಬಾಗಿಲು ಕೀಲಿನ ಸುತ್ತ ತಿರುಗುವುದು ಇವುಗಳ ಲೆಕ್ಕವನ್ನು ಮಾಡುವ ತಂತ್ರಾಂಶದ ಭಾಗಕ್ಕೆ ಫಿಸಿಕ್ಸ್ ಎಂಜಿನ್ ಎಂದು ಹೆಸರು. ಗೊಡೊ ಎಂಬ ಮುಕ್ತ ಉಪಕರಣದಲ್ಲಿ ಈ ಲೆಕ್ಕವು ವಾಡಿಕೆಯಾಗಿ ಸೆಕೆಂಡಿಗೆ 60 ಬಾರಿ ನಡೆಯುತ್ತದೆ. ಆಟ ಬರೆಯುವವನಿಗೂ ಎಂಜಿನ್ನಿಗೂ ನಡುವೆ ಫಿಸಿಕ್ಸ್ ಸರ್ವರ್ ಎಂಬ ದುಭಾಷಿಯಿದೆ. ಆದುದರಿಂದ ಸೆಟ್ಟಿಂಗುಗಳಲ್ಲಿ ಒಂದು ಹೆಸರನ್ನು ಬದಲಿಸಿ ಉಪಕರಣವನ್ನು ಪುನಃ ಆರಂಭಿಸಿದರೆ ಸಾಕು, ಮೂರು ಆಯಾಮಗಳ ಆಟದ ಎಂಜಿನ್ನೇ ಬೇರೆಯಾಗುತ್ತದೆ.

ಈ ಬದಲಾವಣೆಗೆ ಒಂದು ಪೂರ್ವಚರಿತ್ರೆಯಿದೆ. 2018ರಲ್ಲಿ ಬಂದ ಗೊಡೊ 3.0ರಲ್ಲಿ ಬುಲೆಟ್ ಎಂಬ ಎಂಜಿನ್ನಿಗೆ ಮೊದಲ ಸ್ಥಾನ ದೊರೆಯಿತು. 2023ರ 4.0ರ ಹೊತ್ತಿಗೆ ಬುಲೆಟನ್ನು ತೆಗೆದುಹಾಕಿ, ಸ್ವಂತ ಗೊಡೊ ಫಿಸಿಕ್ಸನ್ನೇ ಉಳಿಸಿಕೊಂಡರು. 2025ರ ಮಾರ್ಚಿನಲ್ಲಿ ಪ್ರಕಟವಾದ 4.4ರಲ್ಲಿ ಜೋಲ್ಟ್ ಪ್ರಾಯೋಗಿಕವೆಂಬ ಹಣೆಪಟ್ಟಿಯೊಡನೆ ಒಳಬಂದಿತು. ಯೋರಿಟ್ ರೌವೆ ಅವರು ರಚಿಸಿದ ಈ ಎಂಜಿನ್ 2022ರ ‘ಹೊರೈಜನ್ ಫರ್ಬಿಡನ್ ವೆಸ್ಟ್’ ಆಟದಲ್ಲಿ ಬಳಕೆಯಾಗಿತ್ತು. ಏಳು ವರ್ಷಗಳಲ್ಲಿ ಮೂರು ಆಳ್ವಿಕೆ!

ಇನ್ನು ಪುಟಕ್ಕೆ ಬರೋಣ. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರು ಬೈಕಂಪಾಡಿಯ ನೆರೆಯಲ್ಲೇ ಇದೆ. ಆ ಊರಿನ ವಿದ್ಯಾರ್ಥಿಯೊಬ್ಬನು ಬಂದರಿನ ಕ್ರೇನೊಂದನ್ನು ತನ್ನ ಆಟದಲ್ಲಿ ರಚಿಸಿದನೆಂದು ಇಟ್ಟುಕೊಳ್ಳೋಣ. ಕ್ರೇನಿನ ತೋಳನ್ನು ಒಂದು ಕೀಲಿನಿಂದ ಸಿಕ್ಕಿಸಿದ್ದಾನೆ. ಕೀಲಿನ ಇನ್ನೊಂದು ತುದಿಗೆ ಯಾವ ವಸ್ತುವನ್ನೂ ಹೆಸರಿಸಿಲ್ಲ. ಹಾಗೆ ಬಿಟ್ಟರೆ ಜಗತ್ತೇ ಆ ಎರಡನೆಯ ವಸ್ತುವೆಂದು ಉಪಕರಣ ಭಾವಿಸುತ್ತದೆ. ತೋಳು ದಕ್ಕೆಯಿಂದ ಹಡಗಿನತ್ತ ಕಾಲು ಸುತ್ತು ಮಾತ್ರ ತಿರುಗುವಂತೆ ಮಿತಿಗಳನ್ನು ಪರೀಕ್ಷಿಸಿ ನೋಡಿ ಗೊತ್ತುಮಾಡಿದ್ದಾನೆ. ಎಂಜಿನ್ ಬದಲಾದೊಡನೆ ತೋಳು ಹಡಗನ್ನು ಬಿಟ್ಟು ವಿರುದ್ಧ ದಿಕ್ಕಿಗೆ ಹೊರಳುತ್ತದೆ. ಕಾರಣವಿಷ್ಟೆ: ಗೊಡೊ ಫಿಸಿಕ್ಸ್ ಆ ಒಂಟಿ ವಸ್ತುವನ್ನು ಯಾವಾಗಲೂ ಕೀಲಿನ ಮೊದಲನೆಯ ತುದಿಯೆಂದು ಎಣಿಸುತ್ತದೆ, ಜೋಲ್ಟ್ ಎರಡನೆಯದೆಂದು ಎಣಿಸುತ್ತದೆ; ಮಿತಿಗಳನ್ನು ಅಳೆಯುವುದು ಮೊದಲನೆಯ ತುದಿಯಿಂದ. ಕೈಪಿಡಿ ಇದನ್ನು ಮುಚ್ಚಿಟ್ಟಿಲ್ಲ. ವ್ಯತ್ಯಾಸವನ್ನು ಒಪ್ಪಿಕೊಂಡು, ಹಳೆಯ ನಡತೆಯನ್ನು ಮರಳಿ ಪಡೆಯುವ ಸೆಟ್ಟಿಂಗನ್ನೂ ತೋರಿಸಿದೆ. ಡಿಕ್ಕಿಯ ಬಲವನ್ನು ಜೋಲ್ಟ್ ಮುಂಚಿತವಾಗಿ ಅಂದಾಜು ಮಾಡಿ ಹೇಳುತ್ತದೆಯೇ ಹೊರತು ನಿಖರವಾಗಿ ಅಲ್ಲವೆಂಬುದನ್ನೂ ಹೇಳಿದೆ. ತನ್ನ ಸರಕಿನ ಕೊರತೆಯನ್ನು ತಾನೇ ಬರೆದಿಡುವ ಈ ಪ್ರಾಮಾಣಿಕತೆ ಪ್ರಶಸ್ತಿಗಳನ್ನು ಓದಿ ಬೇಸತ್ತ ನಮ್ಮಂಥವರಿಗೆ ಅಪರೂಪದ ಸಂತೋಷ.

ಆದರೆ ವ್ಯತ್ಯಾಸಗಳನ್ನು ಪೇರಿಸಿದ ಕ್ರಮವನ್ನು ನಾವು ಒಪ್ಪಲಾರೆವು. ಕೀಲಿನ ಕೆಲವು ಗುಣಗಳು, ಉದಾಹರಣೆಗೆ ಮಿತಿಯ ಮೆದುತನ, ಜೋಲ್ಟಿನಲ್ಲಿ ನಡೆಯುವುದಿಲ್ಲ. ಅವುಗಳ ಬೆಲೆಯನ್ನು ಬದಲಿಸಿದರೆ ಉಪಕರಣವೇ ಎಚ್ಚರಿಕೆ ಕೊಡುತ್ತದೆ. ಹೊರಳಿದ ಕ್ರೇನಿನದು ಮಾತ್ರ ಸದ್ದಿಲ್ಲದ ಬದಲಾವಣೆ. ಕೂಗಿ ಹೇಳುವ ದೋಷವನ್ನೂ ಮೌನವಾಗಿ ಕೆಡಿಸುವ ದೋಷವನ್ನೂ ಈ ಪುಟ ಒಂದೇ ತೂಕದ ಉಪಶೀರ್ಷಿಕೆಗಳ ಕೆಳಗೆ ಇಟ್ಟಿದೆ. ಪರಿಣಾಮವಾಗಿ, ಎಚ್ಚರಿಕೆ ಕಾಣದ ವಿದ್ಯಾರ್ಥಿ ತನ್ನ ಲೆಕ್ಕವೇ ತಪ್ಪಿರಬೇಕೆಂದು ತಿಳಿದು ಸರಿಯಿದ್ದ ಕೋನಗಳನ್ನು ತಿದ್ದುತ್ತಾ ಕೂರುತ್ತಾನೆ. ಕಲಿಯುವವನ ಆತ್ಮವಿಶ್ವಾಸಕ್ಕೆ ಇದಕ್ಕಿಂತ ಕೆಟ್ಟ ಪೆಟ್ಟು ಬೇರಿಲ್ಲ.

ಎರಡನೆಯ ಆಕ್ಷೇಪ ಕಾಲಕ್ಕೆ ಸಂಬಂಧಿಸಿದ್ದು. ಪುಟದ ಹೋಲಿಕೆ ಗೊಡೊ ಫಿಸಿಕ್ಸಿನೊಡನೆ ಮಾತ್ರ. ಬುಲೆಟಿನ ಕಾಲದಲ್ಲಿ ಆಟ ಬರೆದು ಇಂದು ನೇರವಾಗಿ ಜೋಲ್ಟಿಗೆ ಬರುವವನು ಎರಡು ಪಲ್ಲಟಗಳನ್ನು ಒಮ್ಮೆಗೇ ದಾಟಬೇಕು. ಅವನಿಗೆ ಇಲ್ಲಿ ದಾರಿಗಲ್ಲಿಲ್ಲ. ಶಾಸನಗಳನ್ನು ಉಲ್ಲೇಖಿಸುವವರು ಈ ಕಷ್ಟವನ್ನು ಬಲ್ಲರು. ಬಿ. ಎಲ್. ರೈಸ್ ಅವರು 1886ರಲ್ಲಿ ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಖ್ಯೆಗಳು ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿ ಬೇರೆಯಾಗಿವೆ. ಯಾವ ಆವೃತ್ತಿ ಎಂದು ಹೇಳದೆ ಸಂಖ್ಯೆಯನ್ನಷ್ಟೇ ಕೊಟ್ಟವನನ್ನು ನಂಬಿ ಬೇರೊಂದು ಶಾಸನದ ಮುಂದೆ ನಿಂತ ಅನುಭವ ನಮಗೂ ಇದೆ.

ಗೊಡೊ ಕೈಪಿಡಿಯ ಸಂಪಾದಕರು ಪುಟದ ಮೊದಲಲ್ಲೇ ಎಚ್ಚರಿಕೆಯಿಲ್ಲದೆ ನಡೆಯುವ ಬದಲಾವಣೆಗಳನ್ನು ಬೇರ್ಪಡಿಸಿ ಇಡಬೇಕು. ಪ್ರತಿಯೊಂದರ ಪಕ್ಕದಲ್ಲಿ ಅದು ಯಾವ ಆವೃತ್ತಿಯಿಂದ ಜಾರಿಯಲ್ಲಿದೆ ಎಂಬುದನ್ನು ಬರೆಯಬೇಕು. ನಮ್ಮ ಕಾಲೇಜುಗಳಲ್ಲಿ ಆಟದ ಯೋಜನೆಗಳನ್ನು ಒಪ್ಪಿಸುವ ವಿದ್ಯಾರ್ಥಿಗಳು ಅಷ್ಟರವರೆಗೆ ಕಾಯಬೇಕಾಗಿಲ್ಲ. ವರದಿಯ ಮೊದಲ ಹಾಳೆಯಲ್ಲಿ ಉಪಕರಣದ ಆವೃತ್ತಿ, ಎಂಜಿನ್ನಿನ ಹೆಸರು, ವಾಡಿಕೆಗಿಂತ ಬೇರೆಯಾಗಿ ಇಟ್ಟ ಸೆಟ್ಟಿಂಗುಗಳು ಇಷ್ಟನ್ನು ಬರೆಯಲು ನಾಲ್ಕು ಸಾಲು ಸಾಕು.