‘ನಾನು’ ಎಂಬಲ್ಲಿ ಕಾಣದ ಲಿಂಗ: ಎರಡು ಆತ್ಮಕಥನಗಳ ಕನ್ನಡ

ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥನದ ಹೆಸರು ‘ನಾನ್ ವಿದ್ಯಾ’. ಅದನ್ನು ಆಧರಿಸಿದ ಬಿ.ಎಸ್. ಲಿಂಗದೇವರು ಅವರ ಕನ್ನಡ ಚಿತ್ರ 2015ರಲ್ಲಿ ತೆರೆಕಂಡದ್ದು ‘ನಾನು ಅವನಲ್ಲ... ಅವಳು’ ಎಂಬ ಹೆಸರಿನಲ್ಲಿ. ತಮಿಳು ಶೀರ್ಷಿಕೆ ಒಂದು ಹೆಸರನ್ನು ಹೇಳಿ ಸುಮ್ಮನಾಗುತ್ತದೆ. ಕನ್ನಡದ್ದು ಎರಡು ಸರ್ವನಾಮಗಳ ನಡುವೆ ‘ಅಲ್ಲ’ವನ್ನಿಟ್ಟು ತೀರ್ಪು ಕೊಡುತ್ತದೆ, ಲಿಂಗಪರಿವರ್ತನೆಯೆಂದರೆ ಒಂದು ಹೊಸ್ತಿಲು, ದಾಟಿದರೆ ಮುಗಿಯಿತು ಎನ್ನುವ ಹಾಗೆ. ಪುಸ್ತಕವಾದರೋ ಹಾಗೆ ನಡೆಯುವುದಿಲ್ಲ. ಉಡುಪು, ದೇಹ, ಉದ್ಯೋಗ, ಸರ್ಕಾರಿ ದಾಖಲೆಯಲ್ಲಿನ ಹೆಸರು ಇವು ಬೇರೆಬೇರೆ ವೇಗದಲ್ಲಿ ಬದಲಾಗುತ್ತವೆ. ಶಸ್ತ್ರಚಿಕಿತ್ಸೆ ಮುಗಿದ ಮೇಲೂ ದಾಖಲೆ ಹಳೆಯ ಹೆಸರನ್ನೇ ಹಿಡಿದು ನಿಂತಿರುತ್ತದೆ.

ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದ ಲೇಖಕಿಯ ಕೃತಿಯಾದ್ದರಿಂದ ವ್ಯಾಕರಣದ ಮಾತು ಇಲ್ಲಿ ಹೊರಗಿನದಾಗದು. ಕನ್ನಡದ ಉತ್ತಮ ಪುರುಷ ಕ್ರಿಯಾಪದಕ್ಕೆ, ತಮಿಳಿನದರಂತೆಯೇ, ಲಿಂಗವಿಲ್ಲ. ‘ನಾನು ಬಂದೆ’ ಎಂದವರು ಹೆಣ್ಣೋ ಗಂಡೋ ಎಂಬುದನ್ನು ವಾಕ್ಯ ಹೇಳುವುದಿಲ್ಲ. ಬಾಲ್ಯದ ‘ನಾನು’ವನ್ನೂ ಇಂದಿನ ‘ನಾನು’ವನ್ನೂ ಒಂದೇ ಪ್ರತ್ಯಯ ಹೊರುತ್ತದೆ. ಲಿಂಗ ಕಥನದೊಳಕ್ಕೆ ಬರುವುದು ಬೇರೆಯವರ ಬಾಯಿಂದ: ‘ಬಂದ’, ‘ಬಂದಳು’. ಆದುದರಿಂದ ಇಂಥ ಆತ್ಮಕಥನಗಳಲ್ಲಿ ಪರಿವರ್ತನೆಯ ಇತಿಹಾಸವನ್ನು ನಿರೂಪಕಿಯ ವಾಕ್ಯಗಳಿಗಿಂತ ಸುತ್ತಲಿನವರ ಕ್ರಿಯಾಪದಗಳಲ್ಲಿ ಹುಡುಕಬೇಕಾಗುತ್ತದೆ.

ಎ. ರೇವತಿ ಅವರ ಆತ್ಮಕಥನವನ್ನು ದು. ಸರಸ್ವತಿ ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಸರನ್ನೂ ಸರ್ವನಾಮವನ್ನೂ ಬಿಟ್ಟುಕೊಟ್ಟ ಈ ಶೀರ್ಷಿಕೆ ನನಗೆ ಹೆಚ್ಚು ನಿಜವೆನಿಸುತ್ತದೆ. ವಚನಗಳನ್ನು ಓದಿದ ಕಿವಿಗೆ ‘ಬಯಲು’ ಮುಕ್ತಿಯೂ ಹೌದು, ಮರೆಯಿಲ್ಲದ ತಾಣವೂ ಹೌದು. ಬೆಳೆಸಿಕೊಂಡ ಕೂದಲನ್ನು ಮನೆಯವರು ಬೋಳಿಸಿಬಿಡುವ ಪ್ರಸಂಗವೊಂದೇ ಸಾಕು, ಇದು ಒಂದೇ ದಿಕ್ಕಿನ ನಡಿಗೆಯಲ್ಲವೆಂಬುದಕ್ಕೆ. ಹಿಂದಕ್ಕೆ ತಳ್ಳಿಸಿಕೊಂಡು ಮತ್ತೆ ಮೊದಲಿನಿಂದ ಕೂದಲು ಬೆಳೆಸಬೇಕಾಗುತ್ತದೆ.

ನಮ್ಮ ವಿಮರ್ಶಕರು ಇಂಥ ಕೃತಿಗಳ ಬಗ್ಗೆ ಬರೆಯುವಾಗ ‘ಅವರು’ ಎಂಬ ಗೌರವ ಬಹುವಚನದ ನೆರಳಿಗೆ ಸರಿಯುತ್ತಾರೆ. ಅದು ಸೌಜನ್ಯ, ಒಪ್ಪೋಣ. ಕಚೇರಿಯ ಗುಮಾಸ್ತನಿಂದ ನಿರೀಕ್ಷಿಸಬೇಕಾದದ್ದೂ ಅದೇ. ಆದರೆ ಮನೆಯೊಳಗೆ ಯಾರೂ ಬಹುವಚನಕ್ಕೆ ಹಂಬಲಿಸುವುದಿಲ್ಲ. ಅಲ್ಲಿ ಬೇಕಾಗಿರುವುದು ‘ಬಾರೋ’ ಎಂಬುದು ‘ಬಾರೇ’ ಆಗುವ ಗಳಿಗೆ. ಗಡಿಯ ಭಾಷೆಗಳು ಪ್ರಥಮ ಪುರುಷದಲ್ಲಿ ಒಂದೊಂದು ದಾರಿ ಹಿಡಿಯುತ್ತವೆ: ಮಲಯಾಳದ ಕ್ರಿಯಾಪದ ಲಿಂಗವನ್ನೇ ಸೂಚಿಸದು, ತೆಲುಗಿನ ‘ವಚ್ಚಿಂದಿ’ ಸ್ತ್ರೀಲಿಂಗ, ನಪುಂಸಕಲಿಂಗ ಎರಡಕ್ಕೂ ಸಲ್ಲುತ್ತದೆ. ಸಲಿಗೆಯ ಕರೆಗೆ ಬಂದಾಗ ಮಾತ್ರ ಎಲ್ಲವೂ ಒಂದಾಗುತ್ತವೆ. ತಮಿಳಿನ ವಾಡಾ–ವಾಡಿ, ಮಲಯಾಳದ ವಾಡಾ–ವಾಡೀ, ತೆಲುಗಿನ ರಾರಾ–ರಾವೇ, ಮರಾಠಿಯ ಯೇ ರೇ–ಯೇ ಗ. ಹೊರಗಿನವರ ಬಾಯಲ್ಲಿ ಏಕವಚನದ ಅವಮಾನವಾಗುವ ‘ವಾಡಿ’ ಜೊತೆಗಾತಿಯರ ಬಾಯಲ್ಲಿ ಮೊದಲ ಮನ್ನಣೆಯಾಗಬಲ್ಲದು. ಅನುವಾದಕರು ಅದನ್ನು ಬರಿಯ ‘ಬಾ’ ಎಂದು ಶಿಷ್ಟಗೊಳಿಸಿದರೆ ಮನ್ನಣೆಯೇ ಕೈಬಿಟ್ಟುಹೋಗುತ್ತದೆ.

ಚಿತ್ರದ ಕಷ್ಟ ಬೇರೆ. ಅಲ್ಲಿ ‘ನಾನು’ ಎಂಬುದರ ಹಿಂದೆ ಅಡಗಲಾಗದು. ಪ್ರತಿ ಚೌಕಟ್ಟಿನಲ್ಲೂ ದೇಹ ಎದುರಿಗಿರುತ್ತದೆ. ಸಂಚಾರಿ ವಿಜಯ್ ಅವರ ಅಭಿನಯದ ಜೊತೆಗೆ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿ ಬಂದಿತೆಂಬುದು ಆ ಹೊರೆ ಯಾರ ಮೇಲೆ ಬಿದ್ದಿತೆಂಬುದನ್ನು ತಿಳಿಸುತ್ತದೆ.

‘ಬದುಕು ಬಯಲು’ವನ್ನು ಸೊಲ್ಲಾಪುರದ ದ್ವಿಭಾಷಿಯೊಬ್ಬರು ಕನ್ನಡದಿಂದ ಮರಾಠಿಗೆ ತರಲು ಕುಳಿತರೆಂದು ಊಹಿಸೋಣ. ‘ನಾನು ಹೋದೆ’ ಎಂಬ ಮೊದಲ ವಾಕ್ಯಕ್ಕೇ ಲೇಖನಿ ನಿಲ್ಲುತ್ತದೆ. ಶಿಷ್ಟ ಮರಾಠಿಯಲ್ಲಿ ಗಂಡು ‘ಮೀ ಗೇಲೋ’ ಎನ್ನಬೇಕು, ಹೆಣ್ಣು ‘ಮೀ ಗೇಲೆ’. ಸಕರ್ಮಕ ಭೂತಕಾಲದಲ್ಲಿ ಕ್ರಿಯಾಪದ ಕರ್ಮವನ್ನು ಅನುಸರಿಸುವುದರಿಂದ ಅಲ್ಲಷ್ಟೇ ಬಿಡುವು. ಉಳಿದೆಡೆ ‘ಗೇಲೆ’ ಮೊದಲ ಪುಟದಿಂದಲೇ ಇರಬೇಕೇ, ಸೀರೆ ಉಟ್ಟ ದಿನದಿಂದಲೇ, ಶಸ್ತ್ರಚಿಕಿತ್ಸೆಯ ನಂತರವೇ? ಕನ್ನಡ ಅನುವಾದ ಎದುರಿಸಬೇಕಾಗಿರದ ಪ್ರಶ್ನೆಯಿದು. ನಾನಾದರೆ ಮೊದಲ ಪುಟವನ್ನೇ ಆರಿಸಿಕೊಳ್ಳುತ್ತೇನೆ. ಬರೆಯುತ್ತಿರುವವಳು ಇಂದಿನ ರೇವತಿ. ಕೊಲ್ಹಾಪುರದ ಕಡೆ ಹೆಂಗಸರೂ ‘ಮೀ ಆಲೋ’ ಎನ್ನುವ ಆಡುಮಾತಿದೆ. ಅತ್ತ ಹೊರಳಿದರೆ ಒಂದೇ ರೂಪ ಕೊನೆಯವರೆಗೂ ಸಾಗೀತು. ಆದರೆ ಪುಣೆಯ ಓದುಗ ಅದನ್ನು ಗಂಡುರೂಪವೆಂದೇ ಓದುತ್ತಾನೆ.