ಹೂವಯ್ಯನನ್ನು ಕೈಬಿಟ್ಟ ವಿಮರ್ಶೆ

‘ಕಾನೂರು ಹೆಗ್ಗಡಿತಿ’ಯ ಹೂವಯ್ಯ ಆದರ್ಶದ ಗೊಂಬೆ, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ನಾಯಿಗುತ್ತಿ ರಕ್ತಮಾಂಸದ ಮನುಷ್ಯ. 1936ರಿಂದ 1967ಕ್ಕೆ ಬರುವಷ್ಟರಲ್ಲಿ ಕುವೆಂಪು ಆಕಾಶ ಬಿಟ್ಟು ನೆಲಕ್ಕಿಳಿದರು. ಈ ತೀರ್ಪನ್ನು ಗೋಷ್ಠಿಗಳಲ್ಲಿ ಕೇಳಿ ಕೇಳಿ ನನಗೆ ರೋಸಿಹೋಗಿದೆ. ಎಂ.ಎ. ವಿದ್ಯಾರ್ಥಿಗಳು ಕಾದಂಬರಿ ಓದುವ ಮೊದಲೇ ಇದನ್ನು ಬಾಯಿಪಾಠ ಮಾಡಿರುತ್ತಾರೆ. ಗುತ್ತಿಯ ಮೇಲೆ ನನ್ನದೇನೂ ತಕರಾರಿಲ್ಲ. ತಾನೊಲಿದ ತಿಮ್ಮಿಗಾಗಿ, ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು ಮಳೆಕಾಡು ಸುತ್ತುವ ಅವನನ್ನು ಯಾರು ತಾನೇ ಪ್ರೀತಿಸುವುದಿಲ್ಲ? ಆದರೆ ಅವನನ್ನು ಮೆಚ್ಚಬೇಕಾದರೆ ಹೂವಯ್ಯನನ್ನು ಬಲಿ ಕೊಡಲೇಬೇಕು ಎನ್ನುವ ಹಟವನ್ನು ನಾನು ಒಪ್ಪಲಾರೆ.

ಗೊಂಬೆಗೆ ಪೆಟ್ಟಾಗುವುದಿಲ್ಲ. ಹೂವಯ್ಯನಿಗೆ ಪೆಟ್ಟಿನ ಮೇಲೆ ಪೆಟ್ಟು. ಮೈಸೂರಿನ ಓದಿನಿಂದ ಊರಿಗೆ ಬರುತ್ತಿರುವಾಗಲೇ ಗಾಡಿ ಮಗುಚಿ ಬೆನ್ನಿಗೆ ಏಟು ಬೀಳುತ್ತದೆ. ಆಮೇಲೆ ಓದು ನಿಲ್ಲುತ್ತದೆ, ಮನೆ ಪಾಲಾಗುತ್ತದೆ. ಅವನನ್ನೇ ನೆಚ್ಚಿಕೊಂಡ ಮುತ್ತಳ್ಳಿಯ ಸೀತೆಯನ್ನು ಹಿರಿಯರು ರಾಮಯ್ಯನಿಗೆ ಕಟ್ಟುತ್ತಾರೆ. ರಾಮಯ್ಯ ಯಾರೋ ಪರಕೀಯನಲ್ಲ, ಜೊತೆಯಲ್ಲೇ ಬೆಳೆದ, ಜೊತೆಯಲ್ಲೇ ಓದಿದ ಚಿಕ್ಕಪ್ಪನ ಮಗ. ಇಲ್ಲಿ ಹೂವಯ್ಯ ಏನು ಮಾಡುತ್ತಾನೆ? ತಾಯಿ ನಾಗಮ್ಮನನ್ನು ಕರೆದುಕೊಂಡು ಕೆಳಕಾನೂರಿಗೆ ಹೋಗಿ ಒಕ್ಕಲುತನ ನೋಡಿಕೊಳ್ಳುತ್ತಾನೆ. ಸೀತೆಯನ್ನು ಹೊತ್ತುಕೊಂಡು ಓಡಿಹೋಗಲಿಲ್ಲ ಎಂದು ಅವನನ್ನು ಹೇಡಿ ಎನ್ನುವವರಿದ್ದಾರೆ. ಸೋತ ಮೇಲೂ ಅದೇ ನೆರೆಹೊರೆಯಲ್ಲಿ, ಅದೇ ನೆಂಟರ ಮುಖ ನೋಡಿಕೊಂಡು, ಮನಸ್ಸು ಕಹಿಯಾಗದಂತೆ ಕಾಪಾಡಿಕೊಳ್ಳುವುದಕ್ಕೆ ಬೇಕಾದ ಎದೆಗಾರಿಕೆ ಆ ಓದುಗರ ಲೆಕ್ಕಕ್ಕೇ ಬರುವುದಿಲ್ಲ. ಗುಡ್ಡದ ನೆತ್ತಿಯಲ್ಲಿ ಅವನು ಮೈಮರೆತು ನಿಲ್ಲುವ ಪುಟಗಳನ್ನು ಇವರು ಪಲಾಯನ ಎಂದು ಕರೆದರು. ನಾನು ಅವನ್ನು ಅವನ ದಿನದ ದುಡಿಮೆಯ ಭಾಗವಾಗಿಯೇ ಓದುತ್ತೇನೆ. ಬೆಟ್ಟದಿಂದ ಇಳಿದು ಅವನು ಬರುವುದು ಅದೇ ಜಗಳಗಂಟ ಊರಿಗೆ.

ಅವನ ಮಾತು ಕೆಲವೆಡೆ ಉದ್ದ. ಆಗಲಿ. ‘ಸಂಸ್ಕಾರ’ ಕಾದಂಬರಿಯ ಪ್ರಾಣೇಶಾಚಾರ್ಯರ ತಳಮಳ ಚಿಕ್ಕದೇ?

ಹೂವಯ್ಯನ ಅಳತೆ ಸಿಗುವುದು ಸುಬ್ಬಮ್ಮನಲ್ಲಿ. ನೆಲ್ಲುಹಳ್ಳಿಯಿಂದ ಅವನ ಚಿಕ್ಕಪ್ಪ ಚಂದ್ರಯ್ಯಗೌಡರ ಮೂರನೆಯ ಹೆಂಡತಿಯಾಗಿ ಬಂದ ಈ ಹುಡುಗಿಗೆ ಹೆಗ್ಗಡಿತಿ ಪಟ್ಟದ ಗತ್ತು ತಲೆಗೇರುತ್ತದೆ. ಅವಳ ನಾಲಿಗೆ ಕೆಟ್ಟದ್ದು, ಹೊಟ್ಟೆಕಿಚ್ಚು ದೊಡ್ಡದು. ಅಂಥವಳಿಗೂ ಹೂವಯ್ಯನ ಬದುಕು ಕಂಡು ತಾನು ಬೇರೆಯಾಗಬೇಕು ಎನ್ನಿಸುತ್ತದೆ. ಕನ್ನಡ ಕಾದಂಬರಿಯಲ್ಲಿ ಒಬ್ಬ ಮನುಷ್ಯನ ನಡತೆ ಇನ್ನೊಬ್ಬರೊಳಗೆ ಹೀಗೆ ನಿಧಾನವಾಗಿ ಇಳಿಯುವುದನ್ನು ಇಷ್ಟು ತಾಳ್ಮೆಯಿಂದ ಬರೆದವರು ಕಡಿಮೆ. ಅವಳು ಏಳುತ್ತಾಳೆ, ಜಾರುತ್ತಾಳೆ. ಸೇರೆಗಾರ ರಂಗಪ್ಪಸೆಟ್ಟಿಯ ಸಂಗದಲ್ಲಿ ಬಸುರಾಗಿ ದಾರುಣವಾಗಿ ಸಾಯುತ್ತಾಳೆ. ಹೂವಯ್ಯನಿಂದ ಅವಳನ್ನು ಉಳಿಸಲಾಗಲಿಲ್ಲ. ಬರಿಯ ಆದರ್ಶದ ಪ್ರಚಾರಕ್ಕೆ ಕೂತ ಲೇಖಕ ತನ್ನ ನಾಯಕನನ್ನು ಇಲ್ಲಿ ಗೆಲ್ಲಿಸುತ್ತಿದ್ದ. ಕುವೆಂಪು ಗೆಲ್ಲಿಸಲಿಲ್ಲ, ಪುಸ್ತಕಕ್ಕೆ ಅವಳ ಪದವಿಯನ್ನೇ ಹೆಸರಾಗಿ ಇಟ್ಟರು.

ನವ್ಯದ ಗರಡಿಯಲ್ಲಿ ತಯಾರಾದ ವಿಮರ್ಶೆ ನಾಯಕನ ಒಳಗೆ ಒಡಕು ಹುಡುಕಿತು. ಒಡಕಿದ್ದರೆ ಆಳ, ಇಲ್ಲದಿದ್ದರೆ ಗೊಂಬೆ. 1965ರ ‘ಸಂಸ್ಕಾರ’ದ ಶಕ್ತಿ ನನಗೂ ಗೊತ್ತು. ಆದರೆ ‘ಭಾರತೀಪುರ’ದ ಜಗನ್ನಾಥ ಹೊಲೆಯರ ಕೈಯಲ್ಲಿ ಸಾಲಿಗ್ರಾಮ ಮುಟ್ಟಿಸಲು ಹೊರಟಾಗ ಕಾದಂಬರಿಯ ಕಣ್ಣು ಹೆಚ್ಚಾಗಿ ಜಗನ್ನಾಥನ ಮೇಲೆಯೇ ನೆಟ್ಟಿರುತ್ತದೆ, ಮುಟ್ಟಿದವರು ಅವನ ಅನುಭವಕ್ಕೆ ಸಾಮಗ್ರಿಯಾಗುತ್ತಾರೆ. ತನ್ನನ್ನೇ ನೋಡಿಕೊಂಡು ನರಳುವವನಿಗೆ ಪೂರ್ತಿ ಅಂಕ, ಪಕ್ಕದವರನ್ನು ಬದಲಿಸಿದವನಿಗೆ ಸೊನ್ನೆ. ಇದೆಂಥ ರುಚಿ? ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿ ಕೂತು ಹೂವಯ್ಯನನ್ನು ಓದಿ, ತಾನೂ ಹೀಗೆ ಬದುಕಬಹುದು ಎಂದುಕೊಂಡ ಮೊದಲ ತಲೆಮಾರಿನ ಓದುಗನಿಗೆ ನಾವು ಕಲಿಸಿದ್ದು ಒಂದೇ: ಆ ಮೆಚ್ಚುಗೆ ಬಾಲಿಶ, ಬೇಗ ದಾಟಿಕೋ.

ಅವನು ದಾಟಿ ಹೋದದ್ದೆಲ್ಲಿಗೆ? ಇವತ್ತು ಯಾವ ಪುಸ್ತಕದಂಗಡಿಗೆ ಹೋದರೂ ‘ವ್ಯಕ್ತಿತ್ವ ವಿಕಸನ’ದ ಕಪಾಟು ಬಾಗಿಲಲ್ಲೇ ಎದುರಾಗುತ್ತದೆ. ಹೇಗೆ ಬದುಕಲಿ ಎಂಬ ಪ್ರಶ್ನೆಯನ್ನು ಸಾಹಿತ್ಯದ ತರಗತಿಯಿಂದ ಹೊರಗೆ ಹಾಕಿದವರು ನಾವು. ಅದನ್ನು ಎತ್ತಿಕೊಂಡವರು ಹಣ, ಗೆಲುವು, ಐದು ಗಂಟೆಗೆ ಏಳುವ ಶಿಸ್ತು ಮಾರುತ್ತಿದ್ದಾರೆ. ಅಲ್ಲಿ ಸೋಲು ಎರಡು ಪುಟ ತಿರುಗಿಸುವಷ್ಟರಲ್ಲಿ ಗೆಲುವಾಗುತ್ತದೆ. ಹೂವಯ್ಯನಿಗೆ ಸೀತೆ ಹೆಂಡತಿಯಾಗಿ ಕೊನೆಗೂ ದಕ್ಕುವುದಿಲ್ಲ; ದಕ್ಕದೆಯೂ ಅವನು ಬೆಳೆಯುತ್ತಾನೆ. ಇಂಥ ಬೆಳವಣಿಗೆಯನ್ನು ಆ ಕಪಾಟಿನ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ‘ಹೂವಯ್ಯ ಆದರ್ಶ ಪಾತ್ರವೇ? ಚರ್ಚಿಸಿ’ ಎಂದು ವರ್ಷ ವರ್ಷವೂ ಪ್ರಶ್ನೆಪತ್ರಿಕೆಯಲ್ಲಿ ಕೇಳುವುದನ್ನು ನಮ್ಮ ಅಧ್ಯಾಪಕರು ಇನ್ನಾದರೂ ಬಿಡಲಿ. ಸೀತೆಯ ಮದುವೆಯಾದ ಮೇಲೆ ಕೆಳಕಾನೂರಿನಲ್ಲಿ ಅವನು ಹೇಗೆ ಬದುಕಿದ, ಅದನ್ನು ಕೇಳಲಿ.